ಸ್ಪ್ಯಾನಿಷ್ ಪದವಿಗೆ ಸೇರುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಪಿಯುಸಿ ಮುಗಿಸಿ ಸ್ಪ್ಯಾನಿಷ್ ಬಿ.ಎ. ಆನರ್ಸ್ ಓದಬೇಕೆಂದಿರುವ ಕರ್ನಾಟಕದ ವಿದ್ಯಾರ್ಥಿಗಳಿಗೂ ಅವರ ಮನೆಯವರಿಗೂ ಈ ಸೂಚನೆ. ಸ್ಪ್ಯಾನಿಷ್ ಓದಿದರೆ ಕೆಲಸ ಸಿಗುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಸಿಗುತ್ತದೆ. ಅರ್ಧ ಕಲಿತವರಿಗೆ ಸಿಗುವುದಿಲ್ಲ, ಸ್ಪ್ಯಾನಿಷ್ ಒಂದನ್ನೇ ಕಲಿತವರಿಗೆ ಸಿಗುವುದು ಕಡಿಮೆ. ಮುಂದೆ ಹೇಳಿರುವುದೆಲ್ಲ ಈ ಎರಡು ಮಾತಿನ ವಿವರ.

ಸೇರುವ ಮುನ್ನ

ಸರ್ಟಿಫಿಕೇಟ್ ಕೋರ್ಸನ್ನು ಪದವಿ ಎಂದುಕೊಳ್ಳಬಾರದು. ಬೆಂಗಳೂರಿನ ಹಲವು ಕಾಲೇಜುಗಳಲ್ಲಿ ಸ್ಪ್ಯಾನಿಷ್ ಸಿಗುವುದು ಎರಡನೇ ಭಾಷೆಯಾಗಿ, ಇಲ್ಲವೇ ಸರ್ಟಿಫಿಕೇಟ್, ಡಿಪ್ಲೊಮಾ ತರಗತಿಯಾಗಿ. ಬಿ.ಕಾಂ. ಓದುತ್ತ ಸಂಜೆ ಹೊತ್ತು ಸ್ಪ್ಯಾನಿಷ್ ಕಲಿಯುವುದು ಒಳ್ಳೆಯ ದಾರಿಯೇ. ಆದರೆ ಭಾಷೆಯ ಜೊತೆ ಸಾಹಿತ್ಯ, ಅನುವಾದ, ಲ್ಯಾಟಿನ್ ಅಮೆರಿಕದ ಚರಿತ್ರೆ ಎಲ್ಲ ಸೇರಿದ ಪೂರ್ಣ ಪದವಿ ಬೇಕೆಂದರೆ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ, ದೆಹಲಿ ವಿಶ್ವವಿದ್ಯಾಲಯ, ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ ಇವುಗಳ ಕಡೆ ನೋಡಬೇಕು. ನಮಗೆ ಹತ್ತಿರದ್ದು ಹೈದರಾಬಾದ್.

ಸಿಯುಇಟಿ ಪ್ರವೇಶ ಪರೀಕ್ಷೆಯ ಅರ್ಜಿಯನ್ನು ತಪ್ಪಿಸಿಕೊಳ್ಳಬಾರದು. ದೆಹಲಿಯ ಎರಡೂ ವಿಶ್ವವಿದ್ಯಾಲಯಗಳಿಗೆ 2022ರಿಂದ ಪ್ರವೇಶ ಆ ಪರೀಕ್ಷೆಯ ಅಂಕದ ಮೇಲೆಯೇ. ಪಿಯು ಪರೀಕ್ಷೆಯ ಗಡಿಬಿಡಿ ನಡೆದಿರುವಾಗಲೇ ಅರ್ಜಿ ಕರೆಯುತ್ತಾರೆ, ಫಲಿತಾಂಶ ಬಂದ ಮೇಲೆ ವಿಚಾರಿಸಿದರೆ ಆ ವರ್ಷ ಕೈತಪ್ಪಿದಂತೆಯೇ. ಜಿಲ್ಲಾ ಕೇಂದ್ರಗಳ, ತಾಲ್ಲೂಕುಗಳ ಮಕ್ಕಳಿಗೆ ಇದನ್ನು ಹೇಳುವವರೇ ಇಲ್ಲ, ಅಧ್ಯಾಪಕರು ದಯವಿಟ್ಟು ಹೇಳಬೇಕು. ಸ್ಪ್ಯಾನಿಷ್ ಮೊದಲೇ ಬಂದಿರಬೇಕೇನೋ ಎಂದು ಯಾರೂ ಹಿಂಜರಿಯಬೇಕಿಲ್ಲ. ಮೊದಲ ಅಕ್ಷರದಿಂದ ಕಲಿಸುತ್ತಾರೆ.

ಕಲಿಯುವಾಗ

ಇಂಗ್ಲಿಷಿನ ಮೂಲಕ ಸ್ಪ್ಯಾನಿಷ್ ಕಲಿಯಬಾರದು. ಇದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಪಠ್ಯಪುಸ್ತಕಗಳೂ ಆ್ಯಪ್‌ಗಳೂ ಇಂಗ್ಲಿಷ್ ಬಲ್ಲವರಿಗೆಂದೇ ಬರೆದವಾಗಿರುತ್ತವೆ. ಕನ್ನಡ ಮಾಧ್ಯಮದಿಂದ ಬಂದ ಹುಡುಗ ಹುಡುಗಿಯರು ಮೊದಲ ತಿಂಗಳಲ್ಲೇ ತಾವು ಹಿಂದೆ ಬಿದ್ದೆವು ಎಂದು ಕುಗ್ಗುತ್ತಾರೆ. ನಿಜದಲ್ಲಿ ಅವರು ಮುಂದಿದ್ದಾರೆ. ಸ್ಪ್ಯಾನಿಷಿನ ಐದು ಸ್ವರಗಳು ನಮ್ಮ ಅ, ಎ, ಇ, ಒ, ಉಗಳಿಗೆ ಬಹಳ ಹತ್ತಿರ. ಅದರ ತ, ದಗಳನ್ನು ನಾಲಿಗೆ ಹಲ್ಲಿಗೆ ತಾಗಿಸಿಯೇ ನುಡಿಯಬೇಕು, ಇಂಗ್ಲಿಷಿನ ಗಾಳಿ ಹಿಡಿದವರು ಅದನ್ನು ಟ, ಡ ಮಾಡಿ ಕೆಡಿಸುತ್ತಾರೆ. ಕ್ರಿಯಾಪದದ ಕೊನೆಯಲ್ಲೇ ಕರ್ತೃ ಯಾರೆಂದು ತಿಳಿಯುತ್ತದೆ. ‘ಬಂದೆ’ ಎಂದರೆ ನಾನು, ‘ಬಂದೆವು’ ಎಂದರೆ ನಾವು ಎಂಬ ಹಾಗೆ ಅಲ್ಲಿಯೂ ‘ನಾನು’, ‘ನಾವು’ ಎಂದು ಪ್ರತಿ ಸಲ ಹೇಳಬೇಕಿಲ್ಲ. ‘ನನಗೆ ಕಾಫಿ ಇಷ್ಟ’ ಎಂಬ ನಮ್ಮ ವಾಕ್ಯದ ಕಟ್ಟು ಸ್ಪ್ಯಾನಿಷಿಗೆ ಬಹುಪಾಲು ಹಾಗೆಯೇ ಒಗ್ಗುತ್ತದೆ, ಇಂಗ್ಲಿಷಿನ ಕಟ್ಟು ಒಗ್ಗುವುದಿಲ್ಲ. ನೀನು, ನೀವು ಎಂಬ ವ್ಯತ್ಯಾಸವೂ ಇದೆ. ಇವನ್ನೆಲ್ಲ ಕನ್ನಡದಲ್ಲೇ ಟಿಪ್ಪಣಿ ಮಾಡಿಕೊಳ್ಳಿ.

ಕಷ್ಟ ಇರುವ ಕಡೆ ಮಾತ್ರ ಕಷ್ಟಪಡಬೇಕು. ಮೇಜಿಗೂ ಕುರ್ಚಿಗೂ ಲಿಂಗ ಇರುವುದು, ‘ಇರು’ ಎಂಬರ್ಥಕ್ಕೆ ಎರಡು ಬೇರೆ ಕ್ರಿಯಾಪದ ಇರುವುದು, ಕಳೆದುಹೋದದ್ದನ್ನು ಎರಡು ಬಗೆಯ ಭೂತಕಾಲದಲ್ಲಿ ಹೇಳುವುದು, ಸಂಶಯ ಆಸೆಗಳನ್ನು ಹೇಳಲು ಬೇರೆಯೇ ಕ್ರಿಯಾರೂಪ ಬರುವುದು ಇವು ನಮಗೆ ಹೊಸತು. ಇಲ್ಲಿ ಬಾಯಿಪಾಠದಿಂದ ಪ್ರಯೋಜನವಿಲ್ಲ. ದಿನವೂ ಒಂದು ಪುಟ ಬರೆದು ಮೇಷ್ಟ್ರಿಗೆ ತೋರಿಸಿ, ಅವರು ಕೆಂಪು ಶಾಯಿಯಲ್ಲಿ ತಿದ್ದಿದ್ದನ್ನು ಮತ್ತೆ ಬರೆಯಬೇಕು.

ಒಂದೇ ದೇಶದ ಸ್ಪ್ಯಾನಿಷಿಗೆ ಕಿವಿ ಕಟ್ಟಿಹಾಕಿಕೊಳ್ಳಬಾರದು. ಈ ಭಾಷೆ 20 ಸ್ವತಂತ್ರ ದೇಶಗಳ ಆಡಳಿತ ಭಾಷೆ. ಸ್ಪೇನಿನಲ್ಲಿ ಗೆಳೆಯರ ಗುಂಪಿಗೆ ಬಳಸುವ ‘ನೀವು’ ಮೆಕ್ಸಿಕೋದಲ್ಲಿ ಕೇಳಿಸುವುದಿಲ್ಲ, ಅರ್ಜೆಂಟೀನಾದ ‘ನೀನು’ ಇವೆರಡಕ್ಕೂ ಬೇರೆ, ಅದರ ಕ್ರಿಯಾರೂಪವೂ ಬೇರೆ. ಬೆಂಗಳೂರಿನಲ್ಲಿ ಕೂತು ಫೋನೆತ್ತಿದಾಗ ಆ ಕಡೆ ಮಾತಾಡುವವರು ಮ್ಯಾಡ್ರಿಡ್ಡಿನವರಾಗಿರುವಷ್ಟೇ ಮೊಂಟೆರೆಯಿಯವರೋ ಬೊಗೊಟಾದವರೋ ಆಗಿರುವ ಸಾಧ್ಯತೆಯೂ ಇದೆ. ಮೂರನೇ ಸೆಮಿಸ್ಟರಿನಿಂದಲೇ ಬೇರೆ ಬೇರೆ ದೇಶಗಳ ರೇಡಿಯೊ ಸುದ್ದಿ ಕೇಳಲು ಶುರುಮಾಡಿ.

ಅಂಕಪಟ್ಟಿಯನ್ನು ನಂಬಿ ಕೂರಬಾರದು. ಕೆಲಸ ಕೊಡುವವರು ಕೇಳುವುದು ಯುರೋಪಿನ ಆರು ಮೆಟ್ಟಿಲಿನ ಅಳತೆಯಲ್ಲಿ ನೀವು ಎಲ್ಲಿದ್ದೀರಿ ಎಂದು: ಎ1, ಎ2, ಬಿ1, ಬಿ2, ಸಿ1, ಸಿ2. ಬಿ1 ಮುಟ್ಟಿದವರು ಪ್ರವಾಸ ಹೋಗಿಬರಬಹುದು. ಕಂಪನಿಯ ಬಾಗಿಲು ತೆರೆಯುವುದು ಬಿ2ಗೆ. ಅನುವಾದ, ದುಭಾಷಿ ಕೆಲಸ, ಪಾಠ ಹೇಳುವುದು ಇವಕ್ಕೆ ಸಿ1 ಇಲ್ಲದೆ ಕೈ ಹಾಕಲೇಬಾರದು. ಪದವಿ ಮುಗಿಯುವ ಹೊತ್ತಿಗೆ ಡೇಲೆ ಪರೀಕ್ಷೆಯ ಬಿ2 ಕೈಯಲ್ಲಿರಲಿ. ಅದನ್ನು ಕೊಡುವುದು ಸ್ಪೇನ್ ಸರ್ಕಾರದ ಪರವಾಗಿ ಇನ್‌ಸ್ಟಿಟ್ಯೂಟೊ ಸೆರ್ವಾಂಟೆಸ್, ಅದರ ದೆಹಲಿ ಕೇಂದ್ರ 2009ರಿಂದ ಇದೆ. ಡೇಲೆಗೆ ಅವಧಿ ಮುಗಿಯುವುದೆಂಬುದಿಲ್ಲ. ಕಂಪ್ಯೂಟರಿನಲ್ಲಿ ಬರೆಯುವ ಸಿಯೆಲೆ ಎಂಬ ಪರೀಕ್ಷೆ ಬೇಗ ಆಗುತ್ತದೆ, ಆದರೆ ಅದರ ಮಾನ್ಯತೆ 5 ವರ್ಷ ಮಾತ್ರ. ಡೇಲೆ ಬಿ2ನಲ್ಲಿ ಓದು ಬರಹ ಒಂದು ಗುಂಪು, ಕೇಳುವುದು ಮಾತಾಡುವುದು ಇನ್ನೊಂದು ಗುಂಪು, ಎರಡರಲ್ಲೂ 50ಕ್ಕೆ 30 ಬರಲೇಬೇಕು. ಒಂದರ ಅಂಕ ಇನ್ನೊಂದರ ಕೊರತೆ ತುಂಬುವುದಿಲ್ಲ. ನಮ್ಮ ಮಕ್ಕಳು ಸೋಲುವುದು ಹೆಚ್ಚಾಗಿ ಎರಡನೇ ಗುಂಪಿನಲ್ಲಿ, ತರಗತಿಯಲ್ಲಿ ಬಾಯಿ ಬಿಡದ ಕಾರಣಕ್ಕೆ. ತಪ್ಪಾದರೂ ಮಾತಾಡಬೇಕು. ಪಕ್ಕದವರು ನಕ್ಕರೆ ನಗಲಿ.

ಜೊತೆಗೆ ಇನ್ನೊಂದು ವಿದ್ಯೆ

ಬರೀ ಸ್ಪ್ಯಾನಿಷ್ ಇಟ್ಟುಕೊಂಡು ಪದವಿಯಿಂದ ಹೊರಬರಬಾರದು. ಸಾಧಾರಣ ಪತ್ರ, ಬಳಕೆಯ ಕೈಪಿಡಿ ಇಂಥದನ್ನೆಲ್ಲ ಈಗ ಯಂತ್ರ ಅನುವಾದಿಸುತ್ತದೆ, ಮನುಷ್ಯರಿಗೆ ಉಳಿದಿರುವುದು ಅದನ್ನು ತಿದ್ದುವ ಕೆಲಸ. ವಿಷಯ ಗೊತ್ತಿಲ್ಲದವರಿಂದ ತಿದ್ದಲಾಗುವುದಿಲ್ಲ. ಲೆಕ್ಕಪತ್ರ, ಔಷಧ ನಿಯಂತ್ರಣದ ಕಾಗದಪತ್ರ, ರಫ್ತು ವ್ಯವಹಾರ, ಕಾನೂನು, ದತ್ತಾಂಶ ವಿಶ್ಲೇಷಣೆ ಇವುಗಳಲ್ಲಿ ಒಂದನ್ನು ಎರಡನೇ ವರ್ಷದಲ್ಲೇ ಆರಿಸಿಕೊಂಡು ಕಲಿಯಬೇಕು.

ಔಷಧದ್ದೇ ನೋಡಿ. ಮೆಕ್ಸಿಕೋ, ಕೊಲಂಬಿಯಾ, ಅರ್ಜೆಂಟೀನಾ ಪ್ರತಿಯೊಂದಕ್ಕೂ ತನ್ನದೇ ಔಷಧ ನಿಯಂತ್ರಣ ಸಂಸ್ಥೆ ಇದೆ. ಅಲ್ಲಿ ಮಾತ್ರೆ ಮಾರಬೇಕಾದರೆ ನೋಂದಣಿ ಕಡತವೂ ಲೇಬಲ್ಲೂ ಸ್ಪ್ಯಾನಿಷಿನಲ್ಲಿರಬೇಕು. ಡೋಸಿನ ಒಂದು ಅಂಕಿ ತಪ್ಪಿದರೆ ರೋಗಿಯ ಪ್ರಾಣಕ್ಕೆ ಕುತ್ತು. ಫಾರ್ಮಸಿ ತಿಳಿದು ಸ್ಪ್ಯಾನಿಷ್ ಬಲ್ಲವರು ಇಲ್ಲಿ ಬೇಕೇ ಬೇಕು. ಬೆಂಗಳೂರಿನ ಬಯೋಕಾನ್ 2006ರಲ್ಲಿ ಮಾರುಕಟ್ಟೆಗೆ ತಂದ ಕ್ಯಾನ್ಸರ್ ಔಷಧ ನಿಮೋಟುಜುಮ್ಯಾಬ್ ಕ್ಯೂಬಾದ ವಿಜ್ಞಾನಿಗಳ ಜೊತೆಗಿನ ಪಾಲುದಾರಿಕೆಯಿಂದ ಬಂದದ್ದು. ವ್ಯವಹಾರ ಔಷಧದಲ್ಲಷ್ಟೇ ಇಲ್ಲ. ನಮ್ಮ ರೈತರು ಬೆಳೆಯುವ ಗರ್ಕಿನ್ ಸೌತೆ ಸ್ಪೇನಿಗೆ ಹೋಗುತ್ತದೆ. ಸ್ಪೇನಿನ ಸೆವಿಲ್ಲೆಯಲ್ಲಿ ತಯಾರಾಗುವ ಸಿ-295 ವಿಮಾನವನ್ನು ಈಗ ಟಾಟಾ ಕಂಪನಿ ವಡೋದರಾದಲ್ಲಿ ಜೋಡಿಸುತ್ತಿದೆ, ಒಟ್ಟು 56ರಲ್ಲಿ 40 ಇಲ್ಲಿನವು. ಬೆಂಗಳೂರಿನಲ್ಲಿ ಸ್ಪೇನ್ ಕಾನ್ಸುಲೇಟ್ ತೆರೆಯುವ ನಿರ್ಧಾರ 2024ರ ಅಕ್ಟೋಬರ್‌ನ ಎರಡೂ ದೇಶಗಳ ಜಂಟಿ ಹೇಳಿಕೆಯಲ್ಲಿದೆ. ಇದನ್ನೆಲ್ಲ ಓದಿ ಕನಸು ಕಟ್ಟಿದರೆ ಸಾಲದು, ಇವುಗಳ ನಡುವೆ ನಿಮ್ಮ ಕೈಗೆ ಬರುವ ಕೆಲಸ ಯಾವುದು ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು.

ಕೆಲಸ ಹುಡುಕುವಾಗ

ಆಫರ್ ಲೆಟರಿಗೆ ಸಹಿ ಹಾಕುವ ಮುನ್ನ ಯಾವ ದೇಶದ ಜೊತೆ ಕೆಲಸ ಎಂದು ಕೇಳಲೇಬೇಕು. ಮ್ಯಾಡ್ರಿಡ್‌ನಲ್ಲಿ ಬೆಳಿಗ್ಗೆ 9 ಗಂಟೆಯಾದಾಗ ನಮಗೆ ಮಧ್ಯಾಹ್ನ 12.30 ಅಥವಾ 1.30. ಮೆಕ್ಸಿಕೋ ಸಿಟಿಯಲ್ಲಿ ಬೆಳಿಗ್ಗೆ 9 ಎಂದರೆ ಇಲ್ಲಿ ರಾತ್ರಿ 8.30. ಎರಡೂ ಸ್ಪ್ಯಾನಿಷ್ ಕೆಲಸವೇ, ಆದರೆ ಒಂದರಲ್ಲಿ ರಾತ್ರಿ ಮನೆಗೆ ಬಂದು ಮಲಗುತ್ತೀರಿ, ಇನ್ನೊಂದರಲ್ಲಿ ಬೆಳಗಾಗುವವರೆಗೆ ಎದ್ದಿರುತ್ತೀರಿ. ಭಾಷೆಗೆಂದು ಕೊಡುವ ಭತ್ಯೆ ಸಂಬಳದಲ್ಲಿ ಸೇರಿದೆಯೋ ಬೇರೆಯೋ, ಬಾಂಡ್ ಇದೆಯೋ, ರಾತ್ರಿ ಕ್ಯಾಬ್ ಇದೆಯೋ ಎಲ್ಲವೂ ಕಾಗದದಲ್ಲಿರಲಿ. ಬಾಯಿಮಾತಿನ ಭರವಸೆ ಒಪ್ಪಬೇಡಿ.

ಬೆಂಗಳೂರಿನಲ್ಲಿ ಹೊಸಬರಿಗೆ ಸಿಗುವ ಕೆಲಸ ಹೆಚ್ಚಾಗಿ ಇನ್‌ವಾಯ್ಸ್ ನೋಡುವುದು, ಪೂರೈಕೆದಾರರಿಗೆ ಫೋನ್ ಮಾಡುವುದು, ಪೇರೋಲ್, ಗ್ರಾಹಕರ ದೂರು, ಇಲ್ಲವೇ ಸಾಮಾಜಿಕ ಜಾಲತಾಣದ ಪೋಸ್ಟ್‌ಗಳನ್ನು ಪರಿಶೀಲಿಸುವುದು. ಕೊನೆಯದರ ಬಗ್ಗೆ ಎಚ್ಚರ. ದಿನವಿಡೀ ಹಿಂಸೆಯ, ಕ್ರೌರ್ಯದ ದೃಶ್ಯ ನೋಡಬೇಕಾಗಬಹುದು. ಮನಸ್ಸು ಕಲಕಿದರೆ ಅದನ್ನು ಸಹಿಸಿಕೊಂಡು ಕೂರಬಾರದು, ಮನೆಯವರಿಗೆ ಹೇಳಿ, ಬೇರೆ ವಿಭಾಗ ಕೇಳಿ. ಉಳಿದ ಕೆಲಸಗಳನ್ನು ಕೀಳಾಗಿ ನೋಡಬೇಡಿ. ಎರಡು ಮೂರು ವರ್ಷ ಇನ್‌ವಾಯ್ಸ್ ನೋಡಿದವರಿಗೆ ಒಂದು ದೇಶದ ತೆರಿಗೆ ಪದ್ಧತಿಯೇ ಗೊತ್ತಾಗಿರುತ್ತದೆ. ಅಲ್ಲಿಂದ ಮೇಲಕ್ಕೆ ದಾರಿ ಇದೆ, ಆದರೆ ಆ ಅವಧಿಯಲ್ಲಿ ಬಿ2ನಿಂದ ಸಿ1ಗೆ ಏರಿರಬೇಕು.

ಪಾಠ ಹೇಳುವುದು ಗೌರವದ ದಾರಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರೌಢಶಾಲೆಯಲ್ಲಿ ಕಲಿಸಬಹುದಾದ ವಿದೇಶಿ ಭಾಷೆಗಳಲ್ಲಿ ಸ್ಪ್ಯಾನಿಷನ್ನೂ ಹೆಸರಿಸಿದೆ. ಅಂತರರಾಷ್ಟ್ರೀಯ ಪಠ್ಯಕ್ರಮದ ಶಾಲೆಗಳಿಗೆ ಹೋಗುವವರು ಬಿ.ಎಡ್. ಮಾಡಿಕೊಳ್ಳಿ, ಕಾಲೇಜಿಗೆ ಹೋಗುವವರು ಎಂ.ಎ. ನಂತರ ನೆಟ್ ಬರೆಯಿರಿ, ಅದರಲ್ಲಿ ಸ್ಪ್ಯಾನಿಷ್ ವಿಷಯ ಇದೆ.

ವಿಶ್ವಸಂಸ್ಥೆಯಲ್ಲಿ ಅನುವಾದಕರಾಗುತ್ತೇವೆ ಎಂದು ಮೊದಲ ದಿನವೇ ಹೊರಡಬಾರದು. ಸ್ಪ್ಯಾನಿಷ್ ಅಲ್ಲಿನ ಆರು ಅಧಿಕೃತ ಭಾಷೆಗಳಲ್ಲಿ ಒಂದು, ನಿಜ. ಆದರೆ ಅಲ್ಲಿ ಅನುವಾದಕರು ತಮ್ಮ ಮುಖ್ಯ ಭಾಷೆಗೆ ಅನುವಾದಿಸುತ್ತಾರೆ, ಆ ಮುಖ್ಯ ಭಾಷೆ ಆರರಲ್ಲಿ ಒಂದಾಗಿರಬೇಕು. ಇಂಗ್ಲಿಷ್ ವಿಭಾಗಕ್ಕೆ ಹೋಗಬಯಸುವವರಿಗೆ ಇಂಗ್ಲಿಷ್ ತಾಯಿನುಡಿಯಷ್ಟು ಹಿಡಿತದಲ್ಲಿದ್ದು, ಸಾಮಾನ್ಯವಾಗಿ ಇನ್ನೂ ಎರಡು ಅಧಿಕೃತ ಭಾಷೆ ಬಂದಿರಬೇಕು. ಹಟ ಇದ್ದರೆ ಸ್ಪ್ಯಾನಿಷ್ ಜೊತೆ ಫ್ರೆಂಚನ್ನೂ ಈಗಲೇ ಹಿಡಿಯಿರಿ. ವಿದೇಶಾಂಗ ಸೇವೆಗೆ ದಾರಿ ಯುಪಿಎಸ್‌ಸಿ ಒಂದೇ. ವಿದೇಶಿ ಭಾಷೆಯನ್ನು ಆಯ್ಕೆಯಾದ ಮೇಲೆ ಅವರೇ ಹಂಚುತ್ತಾರೆ.

ಸ್ಪೇನಿನಲ್ಲಿ ಸ್ನಾತಕೋತ್ತರ ಪದವಿ ಎಂದು ಆಸೆ ತೋರಿಸುವ ಏಜೆಂಟರಿಗೆ ಮುಂಗಡ ಕಟ್ಟಬಾರದು. ಅಲ್ಲಿ ಸರ್ಕಾರಿ ಮಾನ್ಯತೆಯ ಮಾಸ್ಟರ್ಸ್ ಬೇರೆ, ವಿಶ್ವವಿದ್ಯಾಲಯ ತನ್ನದೇ ಹೆಸರಲ್ಲಿ ಕೊಡುವ ಮಾಸ್ಟರ್ಸ್ ಬೇರೆ. ಎರಡನೆಯದರ ಮೇಲೆ ಪಿಎಚ್.ಡಿ.ಗೆ ಪ್ರವೇಶ ಸಿಗುವುದಿಲ್ಲ. ಕೋರ್ಸಿನ ಹೆಸರು ಸ್ಪೇನ್ ಸರ್ಕಾರದ ಅಧಿಕೃತ ಪದವಿಗಳ ನೋಂದಣಿಯಲ್ಲಿದೆಯೇ ಎಂದು ನೀವೇ ನೋಡಿ. ಪದವಿ ಪತ್ರಕ್ಕೆ ವಿದೇಶದಲ್ಲಿ ಸಲ್ಲುವ ದೃಢೀಕರಣ, ಅಂದರೆ ಅಪೊಸ್ಟಿಲ್, ಹಾಕಿಸಲು ಸಮಯ ಹಿಡಿಯುತ್ತದೆ, ಕೊನೆಯ ವಾರಕ್ಕೆ ಬಿಡಬೇಡಿ.

ಮನೆಯವರಿಗೆ ಒಂದು ಮಾತು. ಹಳ್ಳಿಯ ಮಕ್ಕಳಿಗೆ ಇದು ಎಟುಕದು ಎನ್ನಬೇಡಿ. ಗಡಿಯಾಚೆಯ ಅನಂತಪುರದಲ್ಲಿ, ಸ್ಪೇನಿನಿಂದ ಬಂದ ವಿಸೆಂಟೆ ಫೆರರ್ 1969ರಲ್ಲಿ ಕಟ್ಟಿದ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್ ಹಳ್ಳಿಯ ಪದವೀಧರರಿಗೆ ವಿದೇಶಿ ಭಾಷೆ ಕಲಿಸುವ ಶಾಲೆಯನ್ನೇ ನಡೆಸುತ್ತದೆ. ಬಯಲುಸೀಮೆಯ ಬಡ ಮನೆಗಳ ಮಕ್ಕಳು ಅಲ್ಲಿ ಸ್ಪ್ಯಾನಿಷ್ ಕಲಿಯುತ್ತಾರೆ.

ಕನ್ನಡಕ್ಕೆ ತರುವವರು

ಸಾಹಿತ್ಯದ ಒಲವಿದ್ದವರು ಕನ್ನಡವನ್ನು ಬಿಡಬಾರದು. ಮಾರ್ಕೆಸ್, ನೆರೂಡ, ಬೋರ್ಹೆಸ್, ಲೋರ್ಕಾ ಕನ್ನಡಕ್ಕೆ ಬಂದದ್ದು ಬಹುಪಾಲು ಇಂಗ್ಲಿಷಿನ ಕೈ ದಾಟಿ. ಹಾಗೆ ತಂದವರ ಶ್ರಮ ದೊಡ್ಡದು. ಮೂಲದಿಂದಲೇ ತರಬಲ್ಲವರು ನಮ್ಮಲ್ಲಿ ಬೆರಳೆಣಿಕೆಯಷ್ಟು, ಆ ಸಂಖ್ಯೆ ಏರಬೇಕೆಂಬ ಆಸೆಯಿಂದಲೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ. ಇದರಿಂದ ಮನೆ ನಡೆಯುವುದಿಲ್ಲ, ಆದ್ದರಿಂದ ಸಂಬಳದ ಕೆಲಸ ಇಟ್ಟುಕೊಂಡೇ ಮಾಡಬೇಕು. ಪಂಪನಿಂದ ದೇವನೂರರವರೆಗೆ ಕನ್ನಡ ಓದದೆ ಅನುವಾದಕ್ಕೆ ಕೂರಬೇಡಿ.

ಹಕ್ಕು ವಿಚಾರಿಸದೆ ಯಾವುದನ್ನೂ ಪ್ರಕಟಿಸಬಾರದು. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ನಂತರ 60 ವರ್ಷ ಹಕ್ಕು ಉಳಿಯುತ್ತದೆ. 2014ರಲ್ಲಿ ತೀರಿಕೊಂಡ ಮಾರ್ಕೆಸ್‌ಗೂ 1973ರಲ್ಲಿ ತೀರಿಕೊಂಡ ನೆರೂಡಗೂ ಅನುಮತಿ ಬೇಕು. ಅರ್ಜೆಂಟೀನಾದ ಲೇಖಕರಾದರೆ ಅಲ್ಲಿನ ಸರ್ಕಾರದ ‘ಪ್ರೊಗ್ರಾಮಾ ಸುರ್’ ಅನುವಾದಕ್ಕೆ ನೆರವು ಕೊಡುವ ಯೋಜನೆ, ಸ್ಪೇನಿನ ಸಂಸ್ಕೃತಿ ಇಲಾಖೆಯದೂ ಒಂದಿದೆ. ಅರ್ಜಿ ಹಾಕಬೇಕಾದವರು ಪ್ರಕಾಶಕರು, ಅವರಿಗೆ ತಿಳಿಸಿ ಹಾಕಿಸುವುದು ನಿಮ್ಮ ಹೊಣೆ. ಮೊದಲ ಕೆಲಸಕ್ಕೆ 1936ರಲ್ಲಿ ತೀರಿಕೊಂಡ ಲೋರ್ಕಾ, 1938ರಲ್ಲಿ ತೀರಿಕೊಂಡ ಪೆರುವಿನ ಸೆಸಾರ್ ವಯೆಹೊ, 1957ರಲ್ಲಿ ತೀರಿಕೊಂಡ ಚಿಲಿಯ ಗ್ಯಾಬ್ರಿಯೆಲಾ ಮಿಸ್ತ್ರಾಲ್ ಇವರನ್ನು ಆರಿಸಿಕೊಳ್ಳಿ. ಮಿಸ್ತ್ರಾಲ್ ಶಿಕ್ಷಕಿಯಾಗಿದ್ದವರು, ಅವರ ಸ್ಪ್ಯಾನಿಷ್ ಐದನೇ ಸೆಮಿಸ್ಟರಿನ ವಿದ್ಯಾರ್ಥಿಗೂ ನಿಘಂಟು ಪಕ್ಕದಲ್ಲಿದ್ದರೆ ದಕ್ಕುತ್ತದೆ. ಅವರ ಒಂದು ಕವಿತೆಯಿಂದ ಶುರುಮಾಡಿ.