ದನಕರುಗಳಿಗೆ ಶಸ್ತ್ರಚಿಕಿತ್ಸೆ: ಜಗಳಕ್ಕೆ ಮೊದಲು ತಿಳಿದಿರಬೇಕಾದದ್ದು



ಕರು ಹಾಕಲಾಗದೆ ನರಳುವ ಹಸುವಿನ ಹೊಟ್ಟೆ ಕೊಯ್ದು ಕರು ತೆಗೆಯುತ್ತಾರೆ. ಮೂರನೆಯ ದಿನ ಹಸು ಸಾಯುತ್ತದೆ. "ಡಾಕ್ಟರೇ ಕೊಂದರು" ಎನ್ನುತ್ತಾರೆ ಮನೆಯವರು. "ತಡವಾಗಿ ಕರೆದಿರಿ" ಎನ್ನುತ್ತಾರೆ ಡಾಕ್ಟರು. ಸಾಕಿದ ನಾಯಿಯನ್ನು ಪಟ್ಟಣದ ಖಾಸಗಿ ಆಸ್ಪತ್ರೆಗೆ ಒಯ್ದವರ ಗೋಳೂ ಇಂಥದ್ದೇ. ಹಸು ಸತ್ತರೂ ಅದರ ಮೇಲಿನ ಸಾಲ ಸಾಯುವುದಿಲ್ಲ. ಆದ್ದರಿಂದ ಈ ಜಗಳ ಸಣ್ಣದಲ್ಲ.

ಇದು ಹೊಸ ಜಗಳವೂ ಅಲ್ಲ. ಇನ್ನೊಬ್ಬನ ವಶಕ್ಕೆ ಒಪ್ಪಿಸಿದ ಎತ್ತು, ಕುರಿ ಸತ್ತರೆ ಏನು ಮಾಡಬೇಕೆಂದು ವಿಮೋಚನಾಕಾಂಡದ 22ನೆಯ ಅಧ್ಯಾಯ ತಿಳಿಸುತ್ತದೆ. ಕಂಡವರಿಲ್ಲದಿದ್ದರೆ ದೇವರ ಮುಂದೆ ಪ್ರಮಾಣ. ಕಾಡುಮೃಗ ಸೀಳಿದ್ದರೆ ಅದರ ಸಾಕ್ಷಿ. ಸತ್ಯ ಮತ್ತು ಸಾಕ್ಷಿ, ಇವೆರಡೇ ಇಂದಿಗೂ ಬೇಕಾದವು.

ಕೊಯ್ಯುವ ಮೊದಲು

1. ಬೇಗ ಕರೆಯಿರಿ. ನೀರುಚೀಲ ಒಡೆದು ಎರಡು ಗಂಟೆಯಾದರೂ ಕರು ಮುಂದೆ ಬಾರದಿದ್ದರೆ ಕಾಯಬೇಡಿ. ನಾಲ್ಕಾರು ಜನ ಹಗ್ಗ ಕಟ್ಟಿ ಎಳೆದರೆ ಗರ್ಭಕೋಶ ಹರಿಯಬಹುದು. ಆಂಧ್ರದಲ್ಲೂ ಕರ್ನಾಟಕದಲ್ಲೂ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ಫೋನ್ ಮಾಡಬಹುದು.

2. ನಡೆದದ್ದನ್ನು ಮುಚ್ಚಿಡಬೇಡಿ. ನಾಟಿ ಔಷಧಿ, ಬೇರೆಯವರು ಹಾಕಿದ ಸೂಜಿ, ಎಳೆದಾಡಿದ್ದು, ಎಲ್ಲವನ್ನೂ ಹೇಳಿ. ನಾಯಿಗೆ ಊಟ ಹಾಕಬಾರದೆಂದಿದ್ದರೆ ಹಾಕಲೇಬೇಡಿ. ಮತ್ತಿನಲ್ಲಿ ವಾಂತಿ ಶ್ವಾಸಕೋಶಕ್ಕೆ ಇಳಿದರೆ ಪ್ರಾಣವೇ ಹೋಗಬಹುದು.

3. ಮೂರು ಪ್ರಶ್ನೆ ಕೇಳಿ: ಬದುಕುವ ಭರವಸೆ ಎಷ್ಟು? ಖರ್ಚು ಎಷ್ಟು? ಬೇರೆ ದಾರಿ ಇದೆಯೇ? ಹಸು ನುಂಗಿದ ಮೊಳೆ ಅಥವಾ ತಂತಿ ಹೃದಯದ ಪೊರೆಗೆ ಚುಚ್ಚಿ ಕೀವಾಗಿದ್ದರೆ ಕೊಯ್ದರೂ ಉಳಿಯುವುದು ಅಪರೂಪ. ಅದನ್ನು ಮೊದಲೇ ತಿಳಿದವರು ಆಮೇಲೆ ಜಗಳಕ್ಕೆ ನಿಲ್ಲುವುದಿಲ್ಲ.

4. ಸಮ್ಮತಿ ಪತ್ರವನ್ನು ಓದಿಸಿ ಕೇಳಿ. ನಮ್ಮ ಹೇಮಾವತಿ, ಮಡಕಶಿರಾ ಕಡೆ ಮಾತು ಕನ್ನಡ, ಕಾಗದ ತೆಲುಗು ಅಥವಾ ಇಂಗ್ಲಿಷ್. ಅರ್ಥವಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ.

5. ಕೊಯ್ಯುವವರು ಯಾರೆಂದು ತಿಳಿಯಿರಿ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯಂತೆ ನೋಂದಾಯಿತ ಪಶುವೈದ್ಯರೇ ಶಸ್ತ್ರಚಿಕಿತ್ಸೆ ಮಾಡಬೇಕು. ಲಸಿಕೆ, ಗಾಯ ಕಟ್ಟುವುದು, ಬೀಜ ಒಡೆಯುವುದು ಮುಂತಾದ ಸಣ್ಣ ಸೇವೆಗಳನ್ನು ಮಾತ್ರ, ಸರ್ಕಾರದ ಅನುಮತಿಯಿದ್ದರೆ, ಸಹಾಯಕರು ವೈದ್ಯರ ಮೇಲ್ವಿಚಾರಣೆಯಲ್ಲಿ ಮಾಡಬಹುದು.

ಕೊಯ್ದ ಮೇಲೆ

ಹೊಲಿಗೆ ಸಾಮಾನ್ಯವಾಗಿ 10ರಿಂದ 14 ದಿನಕ್ಕೆ ಬಿಚ್ಚುತ್ತಾರೆ. ಅಲ್ಲಿಯವರೆಗೆ ಕೊಟ್ಟಿಗೆ ಒಣಗಿರಲಿ, ಗಾಯಕ್ಕೆ ನೊಣ ಕೂರದಿರಲಿ, ನಾಯಿ ಗಾಯ ನೆಕ್ಕದಿರಲಿ. ಔಷಧಿಯನ್ನು ಅರ್ಧಕ್ಕೆ ನಿಲ್ಲಿಸಬೇಡಿ. ಚೀಟಿ, ರಶೀದಿ, ಖಾಲಿ ಔಷಧಿ ಬಾಟಲಿ ಇವುಗಳನ್ನು ಜೋಪಾನ ಮಾಡಿ.

ಪ್ರಾಣಿ ಸತ್ತರೆ ದುಃಖದಲ್ಲಿ ಕೂಡಲೇ ಹೂಳಬೇಡಿ. ಮೊದಲು ಸರ್ಕಾರಿ ಪಶುವೈದ್ಯರಿಂದ ಶವಪರೀಕ್ಷೆ ಮಾಡಿಸಿ ವರದಿ ಪಡೆಯಿರಿ. ಅದಿಲ್ಲದೆ ಸಾವಿನ ಕಾರಣ ಸ್ಥಾಪಿಸುವುದು ಬಹಳ ಕಷ್ಟ. ವಿಮೆ ಇದ್ದರೆ ಕಿವಿಯ ಓಲೆಯನ್ನು ಕಳೆಯದೆ ಕಂಪನಿಗೆ ತಕ್ಷಣ ತಿಳಿಸಿ.

ತಪ್ಪು ಯಾವುದು, ದೂರು ಎಲ್ಲಿ?

ಚಿಕಿತ್ಸೆ ಫಲಿಸದ ಮಾತ್ರಕ್ಕೆ ಅದು ನಿರ್ಲಕ್ಷ್ಯವಲ್ಲ ಎಂದು ಸುಪ್ರೀಂ ಕೋರ್ಟು 2005ರಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಹೇಳಿತು. ಅದು ಮನುಷ್ಯರ ವೈದ್ಯರ ಪ್ರಕರಣವಾದರೂ ಅದರ ನ್ಯಾಯ ಇಲ್ಲಿಗೂ ಸಲ್ಲುತ್ತದೆ. ಸಾಧಾರಣ ವೈದ್ಯರು ವಹಿಸುವಷ್ಟು ಎಚ್ಚರವನ್ನೂ ವಹಿಸದಿದ್ದರೆ ಅದು ನಿರ್ಲಕ್ಷ್ಯ. ಹೊಟ್ಟೆಯಲ್ಲಿ ಬಟ್ಟೆ ಬಿಟ್ಟು ಹೊಲಿಯುವುದು, ಒಪ್ಪಿಗೆಯಿಲ್ಲದೆ ಕೊಯ್ಯುವುದು ಇಂಥವು.

ಹಣ ಕೊಟ್ಟು ಪಡೆದ ಸೇವೆಯಲ್ಲಿ ಲೋಪವಾದರೆ 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಂತೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಗಡಿಯವರಾದ ನಮಗೆ ಇದರಲ್ಲಿ ಒಂದು ಅನುಕೂಲವಿದೆ: ಚಿಕಿತ್ಸೆ ಬೆಂಗಳೂರಿನಲ್ಲಿ ಆಗಿದ್ದರೂ ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಸಲಹೆಗೆ ಗ್ರಾಹಕ ಸಹಾಯವಾಣಿ 1915 ಇದೆ. ಎಲ್ಲರಿಗೂ ಪೂರ್ತಿ ಉಚಿತವಾದ ಸೇವೆ ಈ ಕಾಯ್ದೆಗೆ ಒಳಪಡುವುದಿಲ್ಲ. ಸರ್ಕಾರಿ ಆಸ್ಪತ್ರೆಯ ವಿಷಯವನ್ನು ಪಶುಸಂಗೋಪನಾ ಇಲಾಖೆಯ ಮೇಲಧಿಕಾರಿಗಳಿಗೆ ಬರೆದು ಕೊಡಿ. ವೈದ್ಯರ ನಡತೆಯ ಬಗ್ಗೆ ಅವರು ನೋಂದಾಯಿಸಿದ ರಾಜ್ಯದ ಪಶುವೈದ್ಯ ಪರಿಷತ್ತಿಗೆ ದೂರು ಸಲ್ಲುತ್ತದೆ.

ಆದರೆ ಆಸ್ಪತ್ರೆಗೆ ಗುಂಪು ಕಟ್ಟಿ ಹೋಗುವುದು, ಕೈ ಎತ್ತುವುದು ಬೇಡ. ಹೆದರಿದ ಡಾಕ್ಟರು ನಾಳೆ ರಾತ್ರಿ ನೆರೆಯವರ ಕೊಟ್ಟಿಗೆಗೆ ಬರಲು ಹಿಂಜರಿದರೆ ನಷ್ಟ ಇಡೀ ಊರಿಗೆ. ನಮ್ಮ ತಪ್ಪನ್ನು ಅವರ ಮೇಲೆ ಹೊರಿಸುವುದು ಸುಳ್ಳುಸಾಕ್ಷಿ. ಅವರ ತಪ್ಪನ್ನು ಹೆದರಿ ನುಂಗುವುದೂ ನ್ಯಾಯವಲ್ಲ. ದೇವರು ನಮ್ಮ ವಶಕ್ಕೆ ಕೊಟ್ಟ ಮೂಕಪ್ರಾಣಿ ತನ್ನ ನೋವನ್ನು ಹೇಳಲಾರದು. ಅದರ ಪರವಾಗಿ ಮಾತಾಡುವ ನಾವು ಸತ್ಯವನ್ನೇ ಹೇಳೋಣ.