ಚಿತ್ರ, ಧ್ವನಿ, ಬರಹ: ವಿದ್ಯಾರ್ಥಿನಿಯರ ಬಹುಮಾಧ್ಯಮ ಯೋಜನೆಯನ್ನು ಹೂಡುವ ಬಗೆ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರು ನನ್ನನ್ನು ಕಾಣಲು ಬಂದಾಗ, ಕುಶಲಪ್ರಶ್ನೆಗಳಾದ ಮೇಲೆ ಮೆಲ್ಲನೆ ಒಂದು ಮಾತನ್ನು ಎತ್ತುವುದುಂಟು: "ನಮ್ಮ ಕಾಲದಲ್ಲಿ ಪಾಠವೆಂದರೆ ಪುಸ್ತಕ, ಈಗಿನವರಿಗೆ ಪಾಠವೆಂದರೆ ಫೋನು. ಇದು ಹೇಗೆ?" ತಾಯ್ತಂದೆಗಳು ಇನ್ನೂ ನೇರವಾಗಿ ಕೇಳುತ್ತಾರೆ. ಶಾಲೆಯ ಪ್ರಾಜೆಕ್ಟಿಗೆಂದು ಮಗಳು ಫೋನನ್ನು ಹಿಡಿದು ರಾತ್ರಿ ಹತ್ತು ಗಂಟೆಯ ವರೆಗೆ ಕೂತಿದ್ದರೆ ಅದನ್ನು ಓದೆನ್ನಬೇಕೋ ಆಟವೆನ್ನಬೇಕೋ ಎಂಬುದು ಅವರ ಸಂಶಯ. ಸಂಶಯವು ನ್ಯಾಯವಾದುದೇ. ಆದುದರಿಂದ ಬಹುಮಾಧ್ಯಮ ಯೋಜನೆಯೊಂದನ್ನು ಹೇಗೆ ಹೂಡಬೇಕು, ಅದರ ಪ್ರಸ್ತಾಪಪತ್ರವನ್ನು ಹೇಗೆ ಬರೆಯಬೇಕು ಎಂಬುದನ್ನು, ಒಂಬತ್ತನೆಯ ತರಗತಿಯ ಆರು ಮಂದಿ ಬಾಲಿಕೆಯರ ಕೆಲಸವನ್ನೇ ಮುಂದಿಟ್ಟುಕೊಂಡು ಇಲ್ಲಿ ತಿಳಿಸುತ್ತೇನೆ.

ಬಹುಮಾಧ್ಯಮವೆಂದರೆ ಬರಹ, ಸ್ಥಿರಚಿತ್ರ, ಚಲಿಸುವ ಚಿತ್ರ, ಧ್ವನಿ ಇವುಗಳಲ್ಲಿ ಎರಡನ್ನೋ ಹೆಚ್ಚನ್ನೋ ಕೂಡಿಸಿ ಒಂದು ವಿಷಯವನ್ನು ತಿಳಿಸುವುದು. ಹೆಸರು ಹೊಸತು, ಸಂಗತಿ ಹೊಸತಲ್ಲ. 1658ರಲ್ಲಿ ಕೊಮೇನಿಯುಸ್ ಎಂಬ ಶಿಕ್ಷಣವೇತ್ತರು ನ್ಯೂರೆಂಬರ್ಗ್ ಪಟ್ಟಣದಲ್ಲಿ ಮಕ್ಕಳಿಗೋಸ್ಕರ ಒಂದು ಸಚಿತ್ರ ಪುಸ್ತಕವನ್ನು ಅಚ್ಚುಹಾಕಿಸಿದರು. ಅದರ ಚಿತ್ರಗಳೊಳಗಿನ ವಸ್ತುಗಳಿಗೆ ಅಂಕಿಗಳನ್ನಿಟ್ಟು, ಅದೇ ಅಂಕಿಗಳ ಪ್ರಕಾರ ಲತೀನ್ ಮತ್ತು ಜರ್ಮನ್ ಭಾಷೆಗಳಲ್ಲಿ ವಾಕ್ಯಗಳನ್ನು ಬರೆದಿದ್ದಾರೆ. ಅಕ್ಷರಗಳನ್ನು ಕಲಿಸುವಲ್ಲಿಯಂತೂ ಕಾಗೆಯ ಚಿತ್ರ, ಕಾಗೆಯ ಕೂಗು, ಆ ಕೂಗಿಗೆ ಹೊಂದುವ ಅಕ್ಷರ, ಹೀಗೆ ಕಣ್ಣು, ಕಿವಿ, ನಾಲಿಗೆ ಮೂರಕ್ಕೂ ಕೆಲಸವಿದೆ. ಮುಂದೆ ಮ್ಯಾಜಿಕ್ ಲ್ಯಾಂಟರ್ನ್ ಎಂಬ ಚಿತ್ರದೀಪವು ಬಂದಿತು. ಬಿಳಿಯ ಬಟ್ಟೆಯ ಮೇಲೆ ಗಾಜಿನ ಚಿತ್ರ ಬೀಳುತ್ತಿರುವಾಗ ಪಕ್ಕದಲ್ಲಿ ನಿಂತವರು ಅದನ್ನು ವಿವರಿಸುತ್ತಿದ್ದರು. ಈಗ ಆ ದೀಪ, ಬಟ್ಟೆ, ವಿವರಿಸುವವರು ಎಲ್ಲವೂ ಒಂದು ಅಂಗೈಯಗಲದ ಯಂತ್ರದಲ್ಲಿ ಸೇರಿಕೊಂಡಿರುವುದರಿಂದ ಕೆಲಸ ಸುಲಭವಾಗಿದೆಯೆಂದು ತೋರುತ್ತದೆ. ತೋಂದರೆಯು ಅಲ್ಲಿಯೇ ಹುಟ್ಟುವುದು.

ಹೇಗೆಂದರೆ, ಬಾಲಿಕೆಯರು ಮೊದಲು ತಂದುಕೊಟ್ಟ ಪ್ರಸ್ತಾಪದಲ್ಲಿ ಒಂದೇ ವಾಕ್ಯವಿತ್ತು: "ನಾವು ಮಂಗಳೂರು ಹೆಂಚಿನ ಬಗ್ಗೆ ಒಂದು ವಿಡಿಯೋ ಮಾಡುತ್ತೇವೆ." ನಾನು ಅದನ್ನು ಹಿಂದಕ್ಕೆ ಕೊಟ್ಟೆನು. ಏಕೆಂದು ಅವರು ಕೇಳಿದರು. "ಹೆಂಚು ಎಂಬುದು ವಿಷಯ, ಪ್ರಶ್ನೆಯಲ್ಲ. ನೀವು ಯಾವುದನ್ನು ತಿಳಿಯಬೇಕೆಂದಿದ್ದೀರಿ?" ಎಂದೆನು. ಎರಡು ದಿವಸ ಬಿಟ್ಟು ಅವರು ಒಂದು ಪುಟದಷ್ಟು ಚರಿತ್ರೆಯನ್ನು ತಂದರು. 1834ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದುದು, 1865ರಲ್ಲಿ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಎಂಬವರ ಕೈಯಿಂದ ಹೆಂಚಿನ ಕಾರ್ಖಾನೆ ಆರಂಭವಾದುದು, ನೇತ್ರಾವತಿಯ ದಡದ ಜೇಡಿಮಣ್ಣು, ಹಡಗುಗಳಲ್ಲಿ ದೂರದೇಶಗಳಿಗೆ ಹೋದ ಹೆಂಚು, ಎಲ್ಲವೂ ಸರಿಯಾಗಿಯೇ ಇತ್ತು. ಆದರೆ ಇದನ್ನೆಲ್ಲ ಪುಸ್ತಕದಲ್ಲಿಯೇ ಓದಬಹುದಲ್ಲ? ಓದಿದುದನ್ನೇ ಚಿತ್ರಗಳ ಮೇಲೆ ಗಟ್ಟಿಯಾಗಿ ಓದಿ ಹೇಳಿದರೆ ಅದು ಬಹುಮಾಧ್ಯಮವಲ್ಲ, ಪುಸ್ತಕಕ್ಕೆ ತೊಡಿಸಿದ ಅಂಗಿ.

ಆ ಸಂಜೆ ಅವರನ್ನು ಶಾಲೆಯ ಹಿಂದಿನ ಕಟ್ಟಿಗೆಯ ಕೊಟ್ಟಿಗೆಗೆ ಕರೆದುಕೊಂಡು ಹೋದೆನು. ಅಲ್ಲಿ ಛಾವಣಿಯಿಂದ ಇಳಿಸಿದ ಹಳೆಯ ಹೆಂಚುಗಳ ರಾಶಿಯಿದೆ. ಒಂದನ್ನು ಎತ್ತಿ ಬೆರಳಿನ ಗಂಟಿನಿಂದ ತಟ್ಟಿದೆನು. ಕಂಚಿನ ಬಟ್ಟಲಿನಂತೆ ಠಣ್ಣೆಂದಿತು. ಇನ್ನೊಂದನ್ನು ತಟ್ಟಿದರೆ ಮಡಕೆಯ ಚೂರಿನಂತೆ ಬೊದ್ದು ಸದ್ದು. ತಿರುಗಿಸಿ ನೋಡಿದರೆ ಕೂದಲೆಳೆಯಷ್ಟು ಬಿರುಕು. ಚೆನ್ನಾಗಿ ಬೆಂದ ಹೆಂಚನ್ನೂ ಬಿರಿದ ಹೆಂಚನ್ನೂ ಕೆಲಸದವರು ಕಿವಿಯಿಂದಲೇ ಬೇರೆ ಮಾಡುತ್ತಿದ್ದರೆಂದು ತಿಳಿಸಿ, "ಈ ಭೇದವನ್ನು ಬರಹದಲ್ಲಿ ತಿಳಿಸಿರಿ" ಎಂದೆನು. ಅವರಲ್ಲೊಬ್ಬಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರೆಯಲಾಗದು, ಕೇಳಿಸಬೇಕು" ಎಂದಳು.

ಪಾಠವೆಲ್ಲ ಆ ಮಾತಿನಲ್ಲಿದೆ. ಒಂದು ಮಾಧ್ಯಮವನ್ನು ಆರಿಸುವ ಕಾರಣವು, ಅದು ಮಾಡತಕ್ಕ ಕೆಲಸವನ್ನು ಮತ್ತೊಂದು ಮಾಡಲಾರದು ಎಂಬುದೇ ಆಗಿರಬೇಕು. ಹೆಂಚಿನ ನಾದಕ್ಕೆ ಧ್ವನಿ ಬೇಕು. ಹದಮಾಡಿದ ಮಣ್ಣಿನ ಹಲಗೆಯನ್ನು ಅಚ್ಚಿನಲ್ಲಿಟ್ಟು ತಿರುಪಿನ ಯಂತ್ರವನ್ನು ಒತ್ತಿದಾಗ ಅಂಚಿನಿಂದ ಮಣ್ಣು ಹೊರಚಿಮ್ಮಿ, ಮರುಕ್ಷಣದಲ್ಲಿ ಹೆಂಚು ರೂಪವೆತ್ತಿ ಬರುವುದನ್ನು ತೋರಿಸಲು ಚಲಿಸುವ ಚಿತ್ರವೇ ಬೇಕು. ಹೆಂಚಿನ ಬೆನ್ನಿನ ಮೇಲಿನ ಕಾರ್ಖಾನೆಯ ಹೆಸರನ್ನೂ ಊರನ್ನೂ ಓದಲು ಕಣ್ಣಿಗೆ ಸಮಯ ಬೇಕು; ಅಲ್ಲಿ ಚಲಿಸುವ ಚಿತ್ರವು ಅಡ್ಡಿಯೇ, ಸ್ಥಿರಚಿತ್ರ ಸಾಕು. ವರ್ಷಗಳಿಗೂ ಲೆಕ್ಕಗಳಿಗೂ ಬರಹಕ್ಕಿಂತ ಒಳ್ಳೆಯದಿಲ್ಲ. ಹೀಗೆ ಹಂಚಿ ನೋಡಿದಾಗ ಅವರ ಪ್ರಶ್ನೆಯೂ ತಾನಾಗಿ ಹೊರಬಿದ್ದಿತು: ಹೆಂಚಿನ ಕೆಲಸದಲ್ಲಿ ಕೈ, ಕಿವಿ, ತಲೆಗಳು ಕಲಿತಿದ್ದ ಯಾವ ವಿದ್ಯೆಯು ಪುಸ್ತಕಗಳಲ್ಲಿ ಬರೆಯಲ್ಪಟ್ಟಿಲ್ಲ? ತಲೆ ಎಂದುದು ಏಕೆಂದರೆ, ಮಣ್ಣನ್ನೂ ಹೆಂಚನ್ನೂ ತಲೆಯ ಮೇಲೆ ಹೊತ್ತವರು ಸ್ತ್ರೀಯರು.

ಪ್ರಶ್ನೆಯು ಸಿಕ್ಕಿದ ಮೇಲೆ ಅದನ್ನು ಯಾರಿಗೆ ಹೇಳುವುದು ಎಂಬುದನ್ನು ಗೊತ್ತುಮಾಡಬೇಕು. "ಎಲ್ಲರಿಗೂ" ಎಂದು ಬರೆಯುವ ಪ್ರಸ್ತಾಪವನ್ನು ನಾನು ಒಪ್ಪುವುದಿಲ್ಲ. ಏಳನೆಯ ತರಗತಿಯವರಿಗೆ ತೋರಿಸುವುದಾದರೆ ಕುಲುಮೆಯೆಂದರೇನೆಂದು ವಿವರಿಸಬೇಕು. ಹೆಂಚಿನ ಕೆಲಸ ಮಾಡಿದವರ ಮನೆಯವರಿಗೇ ತೋರಿಸುವುದಾದರೆ ಅದು ಹಾಸ್ಯಾಸ್ಪದವಾಗುವುದು. ಇವರು ಏಳನೆಯ ತರಗತಿಯನ್ನು ಆರಿಸಿಕೊಂಡರು. ಮಾತಾಡುವ ಅಜ್ಜಿಯಂದಿರು ತುಳುವಿನಲ್ಲಿ ಮಾತಾಡುವರಾದುದರಿಂದ ಕೆಳಗೆ ಕನ್ನಡದಲ್ಲಿ ಬರಹವನ್ನು ಓಡಿಸಬೇಕೆಂದೂ ನಿಶ್ಚಯವಾಯಿತು. ಕಿವಿ ಕೇಳದ ಮಕ್ಕಳಿಗೂ ಅದು ಉಪಕಾರ.

ಇನ್ನು ನಕ್ಷೆ. ಯಂತ್ರವನ್ನು ಮುಟ್ಟುವುದಕ್ಕೆ ಮೊದಲು ಕಾಗದದ ಮೇಲೆ ಎರಡು ಓಳಿಗಳನ್ನು ಎಳೆಯತಕ್ಕದ್ದು. ಎಡದಲ್ಲಿ ಕಣ್ಣಿಗೆ ಕಾಣುವುದು, ಬಲದಲ್ಲಿ ಕಿವಿಗೆ ಕೇಳುವುದು, ಅಂಚಿನಲ್ಲಿ ಎಷ್ಟು ಸೆಕೆಂಡು ಎಂಬ ಲೆಕ್ಕ. ಚಿತ್ರ ಬರೆಯಲು ಬಾರದವಳು ಗೆರೆಯ ಗೊಂಬೆಗಳನ್ನು ಬರೆದರೆ ಸಾಕು. ಇದನ್ನು ಬೇಸರದ ಕೆಲಸವೆಂದು ಹುಡುಗಿಯರು ಗೊಣಗುತ್ತಾರೆ. ಆದರೆ ಐದು ನಿಮಿಷದ ಚಿತ್ರಕ್ಕೆಂದು ಇವರು ಬರೆದಿದ್ದ ವಿವರಣೆಯನ್ನು ಗಡಿಯಾರವಿಟ್ಟು ಓದಿಸಿದಾಗ ಒಂಬತ್ತು ನಿಮಿಷ ದಾಟಿತು. ಕಾಗದದ ಮೇಲೆ ನಾಲ್ಕು ನಿಮಿಷವನ್ನು ಹೊಡೆದುಹಾಕಲು ಒಂದು ಪೆನ್ಸಿಲು ಸಾಕು. ಚಿತ್ರ ತೆಗೆದ ಮೇಲೆ ಹೊಡೆದುಹಾಕುವುದಾದರೆ ಕಣ್ಣೀರು ಬರುತ್ತದೆ.

ಲೆಕ್ಕವೆಂದೆನಷ್ಟೆ, ಗಣಿತದ ಉಪಾಧ್ಯಾಯಿನಿಯವರು ಇದನ್ನು ತರಗತಿಯಲ್ಲಿಯೇ ಮಾಡಿಸಿದರು. ಒಳ್ಳೆಯ ಗುಣದ ಧ್ವನಿಮುದ್ರಣದಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆಯುತ್ತಾರೆ. ಒಂದೊಂದು ಅಳತೆಗೆ 2 ಬೈಟು, ಎಡ ಬಲ ಎಂದು ಎರಡು ಧಾರೆ. ಒಟ್ಟು ಸೆಕೆಂಡಿಗೆ 1,76,400 ಬೈಟು. ನಿಮಿಷಕ್ಕೆ ಸುಮಾರು ಹತ್ತೂವರೆ ಮೆಗಾಬೈಟು, ಅರ್ಧ ಗಂಟೆಗೆ ಮುನ್ನೂರಕ್ಕೂ ಹೆಚ್ಚು. ಒಬ್ಬರ ಮಾತಿಗೆ ಒಂದೇ ಧಾರೆ ಸಾಕಾದುದರಿಂದ ಅದರಲ್ಲಿ ಅರ್ಧ ಉಳಿಯಿತು. ಚಲಿಸುವ ಚಿತ್ರವು ಸೆಕೆಂಡಿಗೆ ಒಂದು ಮೆಗಾಬೈಟಿನಂತೆ ತುಂಬಿದರೆ ಅರ್ಧ ಗಂಟೆಗೆ 1,800 ಬೇಕು. ಇದ್ದ ಫೋನಿನಲ್ಲಿ ಅಷ್ಟು ಸ್ಥಳವಿಲ್ಲವೆಂದು ಮೊದಲೇ ತಿಳಿದುದರಿಂದ, ಸಂಭಾಷಣೆಯನ್ನೆಲ್ಲ ಧ್ವನಿಯಾಗಿ ಮಾತ್ರ ತೆಗೆದು, ಯಂತ್ರದ ಕೆಲಸವನ್ನು ಮಾತ್ರ ಚಲಿಸುವ ಚಿತ್ರವಾಗಿ ತೆಗೆಯುವುದೆಂದು ಪ್ರಸ್ತಾಪದಲ್ಲಿ ಬರೆದರು.

ಪ್ರಸ್ತಾಪದಲ್ಲಿ ನಾನು ಎಲ್ಲಕ್ಕಿಂತ ಮೊದಲು ಓದುವ ಸಾಲು ಒಂದುಂಟು. ಅದು ಅಲ್ಲಿಗೆ ಬಂದುದು ನನ್ನ ತಪ್ಪಿನಿಂದಲೇ ಆದುದರಿಂದ ಅದನ್ನು ಮರೆಮಾಚದೆ ತಿಳಿಸುತ್ತೇನೆ. ಮೂರು ವರ್ಷಗಳ ಹಿಂದೆ ಒಂದು ಗುಂಪಿನವರು, ಗದ್ದೆಯಲ್ಲಿ ನೇಜಿ ನೆಡುವಾಗ ಹಾಡುವ ಓಬೇಲೆ ಹಾಡುಗಳನ್ನು ಒಬ್ಬ ವೃದ್ಧೆಯ ಬಾಯಿಂದ ತೆಗೆದುಕೊಂಡು ಬಂದರು. ಆಕೆ ಮೊದಲು ನಾಚಿ, ಆಮೇಲೆ ಕಣ್ಮುಚ್ಚಿ, ಮುಕ್ಕಾಲು ಗಂಟೆ ಹಾಡಿದ್ದರು. ಆ ಪ್ರಸ್ತಾಪವನ್ನು ನಾನು ಸಂತೋಷದಿಂದ ಒಪ್ಪಿ ರುಜು ಹಾಕಿದ್ದೆನು. ತೆಗೆದುದನ್ನು ಎಲ್ಲಿಡುವಿರಿ, ಎಷ್ಟು ಪ್ರತಿ ಮಾಡುವಿರಿ ಎಂದು ಕೇಳಿರಲಿಲ್ಲ. ಧ್ವನಿಯು ಒಬ್ಬಳ ಫೋನಿನಲ್ಲಿ ಮಾತ್ರ ಇದ್ದಿತು. ಮಳೆಯ ದಿನ ಅದು ಬಾವಿಕಟ್ಟೆಯ ನೀರಿಗೆ ಬಿದ್ದು ಕೆಟ್ಟಿತು. ಇನ್ನೊಂದು ಸಲ ಹಾಡಿಸಿಕೊಳ್ಳೋಣವೆಂದು ದಸರೆಯ ರಜೆಯ ಮೇಲೆ ಹೋದಾಗ ಆ ಮನೆಯ ಜಗಲಿಯಲ್ಲಿ ಬೇರೆಯವರು ಕೂತಿದ್ದರು. ಅಜ್ಜಿ ತೀರಿಹೋಗಿ ಹನ್ನೆರಡು ದಿವಸವಾಗಿತ್ತು. ಆಕೆಯ ಮಗನು ನಮ್ಮನ್ನು ಬೈಯಲಿಲ್ಲ. "ಆ ಹಾಡನ್ನು ನಮಗೂ ಒಂದು ಪ್ರತಿ ಕೊಡುವಿರಾ ಎಂದು ಕೇಳಬೇಕೆಂದಿದ್ದೆ" ಎಂದು ಮಾತ್ರ ಹೇಳಿದನು. ಹುಡುಗಿಯರ ಮುಖವನ್ನು ನೋಡಲು ನನಗೆ ಧೈರ್ಯವಾಗಲಿಲ್ಲ.

ಅಂದಿನಿಂದ ಪ್ರತಿಯೊಂದು ಪ್ರಸ್ತಾಪದಲ್ಲಿ ಹೀಗೆ ಇರತಕ್ಕದ್ದು: ತೆಗೆದ ದಿನವೇ ಸೂರ್ಯಾಸ್ತದೊಳಗೆ ಎರಡು ಪ್ರತಿಗಳನ್ನು ಮಾಡಿ, ಒಂದನ್ನು ಶಾಲೆಯ ಗಣಕಯಂತ್ರದಲ್ಲಿಯೂ ಇನ್ನೊಂದನ್ನು ಬೇರೆ ಕಟ್ಟಡದಲ್ಲಿಯೂ ಇಡುವೆವು, ಮೂರನೆಯದು ಮಾತಾಡಿದವರ ಮನೆಗೆ ಸೇರುವುದು. ಅದರ ಜೊತೆಯಲ್ಲಿಯೇ ಅಪ್ಪಣೆಯ ಸಂಗತಿಯೂ ಬರುತ್ತದೆ. ಈ ವರ್ಷ ಹೆಂಚಿನ ಕೆಲಸ ಮಾಡಿದ್ದ ಒಬ್ಬ ತಾಯಿಯ ಬಳಿಗೆ ಹೋದಾಗ ಆಕೆ ಕೇಳಿದ ಮೊದಲನೆಯ ಮಾತು, "ಇದನ್ನು ಯಾರಿಗೆ ತೋರಿಸುತ್ತೀರಿ?" ಎಂಬುದು. ಉತ್ತರವು ಬರೆದು ಸಿದ್ಧವಾಗಿದ್ದುದರಿಂದ ಓದಿ ಹೇಳಿದರು. ಶಾಲೆಯೊಳಗೆ ತೋರಿಸಬಹುದು, ಅಂತರ್ಜಾಲಕ್ಕೆ ಹಾಕಬಾರದು, ಮುಖವನ್ನು ತೆಗೆಯಬಾರದು, ಕೈಗಳನ್ನು ತೆಗೆಯಬಹುದು ಎಂದು ಆಕೆ ಅಪ್ಪಣೆ ಕೊಟ್ಟರು. ಮುಖವಿಲ್ಲದೆ ಚಿತ್ರವೇನು ಚೆಂದವೆಂದು ಒಬ್ಬಳು ದಾರಿಯಲ್ಲಿ ಮುಖ ಸಣ್ಣ ಮಾಡಿದಳು. ಆದರೆ ನನಗೆ ತೋರುವಂತೆ ಈ ಯೋಜನೆಯ ಅತ್ಯುತ್ತಮ ಚಿತ್ರಗಳು ಆ ಕೈಗಳೇ.

ಹಿನ್ನೆಲೆಗೆ ಸಿನೆಮಾ ಹಾಡನ್ನು ಹಾಕುವ ಆಶೆಯು ಎಲ್ಲ ಗುಂಪಿನವರಿಗೂ ಇರುತ್ತದೆ. 1957ರ ಕೃತಿಸ್ವಾಮ್ಯದ ಕಾನೂನಿನಂತೆ ಕವಿಯ ಮತ್ತು ಸಂಗೀತಗಾರರ ಕೃತಿಗಳ ಹಕ್ಕು ಅವರ ಜೀವಮಾನವಲ್ಲದೆ ಮರಣಾನಂತರ 60 ವರ್ಷ ನಿಲ್ಲುತ್ತದೆ. ಧ್ವನಿಮುದ್ರಣದ ಹಕ್ಕು ಬೇರೆ. ತರಗತಿಯ ಪಾಠಕ್ಕೆ ಕೆಲವು ವಿನಾಯಿತಿಗಳುಂಟಾದರೂ ಊರಿಗೆಲ್ಲ ಹಂಚುವುದಕ್ಕೆ ಅವು ಸಲ್ಲವು. ಇವರು ಹಾಡನ್ನು ಬಿಟ್ಟು, ತಿರುಪಿನ ಯಂತ್ರದ ಸದ್ದನ್ನೇ ಇಟ್ಟುಕೊಂಡರು.

ತಾಯ್ತಂದೆಗಳಿಗೆ ಒಂದು ಮಾತು. ಆರು ಮಂದಿಯಲ್ಲಿ ಇಬ್ಬರ ಮನೆಯಲ್ಲಿ ಚಿತ್ರ ತೆಗೆಯುವ ಫೋನಿಲ್ಲ. ಇಂಥವರಿಗೆ "ನೀನು ಬರೆದುಕೊಡು, ಸಾಕು" ಎಂದು ಹೇಳುವ ರೂಢಿ ಮೊದಲು ನಮ್ಮಲ್ಲಿತ್ತು, ಅದನ್ನು ನಿಲ್ಲಿಸಿದ್ದೇವೆ. ಗುಂಪಿಗೆ ಒಂದೇ ಯಂತ್ರ, ಅದು ಶಾಲೆಯದು, ಸರದಿಯ ಮೇಲೆ ಎಲ್ಲರ ಕೈಗೂ ಬರುವುದು. ಸಂಜೆ ಐದರ ಮೇಲೆ ಬೀರುವಿನಲ್ಲಿ ಬೀಗ. ಆದುದರಿಂದ ಇನ್ನು ಮುಂದೆ ನಿಮ್ಮ ಮಗಳು ಪ್ರಾಜೆಕ್ಟಿಗೋಸ್ಕರ ಹೊಸ ಫೋನು ಬೇಕೆಂದರೆ ಕೊಡಿಸಬೇಕಾದುದಿಲ್ಲ. ಪ್ರಸ್ತಾಪಪತ್ರವನ್ನು ತೋರಿಸೆನ್ನಿರಿ. ಪ್ರಶ್ನೆ, ಕೇಳುವವರು, ಎರಡು ಓಳಿಯ ನಕ್ಷೆ, ದಿನಗಳ ಲೆಕ್ಕ, ಖರ್ಚು, ಅಪ್ಪಣೆ, ಪ್ರತಿಗಳು, ಯಾವುದಾದರೂ ಕೆಟ್ಟರೆ ಏನು ಮಾಡುವುದು ಎಂಬುದು, ಇಷ್ಟೂ ಒಂದು ಹಾಳೆಯ ಎರಡು ಮಗ್ಗುಲಲ್ಲಿ ಹಿಡಿಸುತ್ತದೆ. ಅದು ಅವಳ ಕೈಬರಹದಲ್ಲಿ ಇದ್ದರೆ ರಾತ್ರಿ ಹತ್ತು ಗಂಟೆಯ ವರೆಗೆ ಕೂರುವ ಕಾರಣವೂ ಬಹುಮಟ್ಟಿಗೆ ಇರುವುದಿಲ್ಲ.

ಈ ಲೇಖನವನ್ನು ಬರೆಯುವ ಹೊತ್ತಿಗೆ ಹೆಂಚಿನ ಗುಂಪಿನವರ ನಾಲ್ಕನೆಯ ಪ್ರಸ್ತಾಪವು ನನ್ನ ಮೇಜಿನ ಮೇಲಿದೆ, ರುಜು ಆಗಿದೆ. ಅವರಿಗೆ ಇನ್ನೂ ಇಬ್ಬರು ಮೂವರ ಮಾತು ಬೇಕಾಗಿದೆ. ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರ ತಾಯಿಯಾಗಲಿ ಅಜ್ಜಿಯಾಗಲಿ ಹೆಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದು, ಮಾತಾಡಲು ಮನಸ್ಸುಳ್ಳವರಾಗಿದ್ದರೆ ದಯಮಾಡಿ ಶಾಲೆಗೆ ತಿಳಿಸಿರಿ. ಹುಡುಗಿಯರು ಶನಿವಾರ ಮಧ್ಯಾಹ್ನ ನಡೆದೇ ಬರುವರು. ಪ್ರತಿಯನ್ನು ಮುಂದಿನ ಶನಿವಾರದೊಳಗೆ ಮನೆಗೆ ತಲಪಿಸುವರು.