ವೇಬರ್ ಎಂದರೆ ನೇಕಾರ

ಕಾಂತೀಯ ಅಭಿವಾಹದ ಏಕಮಾನಕ್ಕೆ ‘ವೇಬರ್’ ಎಂದು ಹೆಸರು. ಜರ್ಮನಿಯ ಭೌತವಿಜ್ಞಾನಿ ವಿಲ್ಹೆಲ್ಮ್ ವೇಬರರ (1804–1891) ಸ್ಮರಣಾರ್ಥವಾಗಿ ಅದನ್ನು ಇಟ್ಟಿದೆಯೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಆದರೆ ಆ ಕುಲನಾಮದ ಅರ್ಥವೇನು?

ಜರ್ಮನ್ ಭಾಷೆಯಲ್ಲಿ ‘ವೇಬೆನ್’ ಎಂದರೆ ನೇಯುವುದು. ಅದರ ಧಾತುವಿಗೆ ‘ಎರ್’ ಪ್ರತ್ಯಯ ಸೇರಿ ‘ವೇಬರ್’, ಎಂದರೆ ನೇಯುವವನು, ಎಂದಾಗುತ್ತದೆ. ನಮ್ಮಲ್ಲಿ ‘ಹೂ’ ಶಬ್ದಕ್ಕೆ ‘ಗಾರ’ ಸೇರಿ ‘ಹೂಗಾರ’ ಆದಂತೆಯೇ ಇದು. ಮಧ್ಯಯುಗದಲ್ಲಿ ಅಲ್ಲಿನ ಪಟ್ಟಣಗಳು ಬೆಳೆದಂತೆ ಒಂದೇ ಹೆಸರಿನವರು ಅನೇಕರಾದರು. ಅವರನ್ನು ಬೇರೆ ಬೇರೆಯಾಗಿ ಗುರುತಿಸಲು ಹೆಸರಿನೊಡನೆ ಕಸುಬನ್ನೂ ಹೇಳತೊಡಗಿದರು. ಕ್ರಮೇಣ ಅದು ತಂದೆಯಿಂದ ಮಕ್ಕಳಿಗೆ ಇಳಿದು ಕುಲನಾಮವಾಗಿ ನೆಲೆಗೊಂಡಿತು. ‘ಷ್ಮಿಟ್’ ಎಂದರೆ ಕಮ್ಮಾರ. ‘ಫಿಷರ್’ ಎಂದರೆ ಮೀನುಗಾರ.

ಕೃಷ್ಣಾತೀರದ ಗೂಗಲ್, ದೇವದುರ್ಗ, ಮಾನ್ವಿಗಳನ್ನೊಳಗೊಂಡ ರಾಯಚೂರು ಸೀಮೆಯಲ್ಲಿಯೂ ಇಂತಹ ಅಡ್ಡಹೆಸರುಗಳುಂಟು: ಕಬ್ಬಿಣದ ಕೆಲಸದ ಕಂಬಾರ, ಮರಗೆಲಸದ ಬಡಿಗೇರ, ದೋಣಿ ನಡೆಸುವ ಅಂಬಿಗೇರ. ಆದರೆ ನಮ್ಮಲ್ಲಿ ಕಸುಬು ಜಾತಿಯೊಡನೆ ಹೆಣೆದುಕೊಂಡಿರುವುದರಿಂದ, ಅಡ್ಡಹೆಸರು ಕೇಳಿದೊಡನೆ ಮನುಷ್ಯನ ಯೋಗ್ಯತೆಯನ್ನೇ ಅಳೆದುಬಿಡುವ ದುರಭ್ಯಾಸವೂ ಬೆಳೆದಿದೆ.

ಈ ಅಳತೆ ಎಷ್ಟು ಸರಿ? ವೇಬರರ ತಂದೆ ನೇಕಾರರಲ್ಲ, ದೇವತಾಶಾಸ್ತ್ರದ ಪ್ರಾಧ್ಯಾಪಕರು. ಮಗ 1833ರಲ್ಲಿ ಗೌಸರೊಡಗೂಡಿ ಗಟ್ಟಿಂಗೆನ್ ನಗರದ ಮನೆಗಳ ಮೇಲೆ ತಂತಿಯೆಳೆದು ವಿದ್ಯುತ್ಕಾಂತೀಯ ಟೆಲಿಗ್ರಾಫನ್ನು ನಡೆಸಿದರು. ನಮ್ಮ ಚಂದ್ರಶೇಖರ ಕಂಬಾರರಿಗೆ 2010ನೇ ಸಾಲಿನ ಜ್ಞಾನಪೀಠ ಪ್ರಶಸ್ತಿ ಸಂದುದು ಕಾವ್ಯನಾಟಕಗಳಿಗಾಗಿ. ಕುಲನಾಮವು ಪೂರ್ವಿಕರ ಕಸುಬನ್ನು ತಿಳಿಸಬಲ್ಲುದು; ಅದನ್ನು ಹೊತ್ತವನು ಏನಾಗಬಲ್ಲನೆಂಬುದನ್ನು ತಿಳಿಸಲಾರದು.